ಸೊನ್ನೆಗಿಂತ ಕೆಳಗಿಳಿಯುವ ವಿದ್ಯುತ್ ದರ: ಶಾಖ ಸಂಗ್ರಹದಿಂದ ನಮ್ಮ ಕಾರ್ಖಾನೆಗೆ ನಿಜವಾದ ಲಾಭವಿದೆಯೇ?

ಪ್ರಶ್ನೆ: ಹಬೆಗಾರ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಕಡೆಯವನು. ಒಂಬತ್ತು ವರ್ಷಗಳಿಂದ ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ, ರಟ್ಟಿನ ಪೆಟ್ಟಿಗೆ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಬಾಯ್ಲರ್ ಮನೆ ಮತ್ತು ವಿದ್ಯುತ್ ವ್ಯವಸ್ಥೆಯ ಉಸ್ತುವಾರಿಯಲ್ಲಿದ್ದೇನೆ. ಕಾಗದವನ್ನು ಅಲೆಯಾಕಾರಕ್ಕೆ ಒತ್ತುವ ಬಿಸಿ ಉರುಳೆಗಳಿಗೆ ನಮಗೆ 12 ಬಾರ್ ಒತ್ತಡದ, ಅಂದರೆ ಸುಮಾರು 190 ಡಿಗ್ರಿ ಉಷ್ಣತೆಯ ಹಬೆ ಬೇಕಾಗುತ್ತದೆ. ಬಳಕೆ ಸರಾಸರಿ ಗಂಟೆಗೆ 4 ಟನ್. ವರ್ಷಕ್ಕೆ ಸುಮಾರು 6,000 ಗಂಟೆ ಯಂತ್ರ ಓಡುತ್ತದೆ. ಶನಿವಾರ ಮಧ್ಯಾಹ್ನದಿಂದ ಭಾನುವಾರ ರಾತ್ರಿಯವರೆಗೆ ಎಲ್ಲವೂ ನಿಂತಿರುತ್ತದೆ. ಈಗ ಈ ಹಬೆ ಪೂರ್ತಿಯಾಗಿ ನೈಸರ್ಗಿಕ ಅನಿಲದಿಂದ ಬರುತ್ತಿದ್ದು, ಅನಿಲದ ಬೆಲೆ, ಸಾಗಣೆ ಶುಲ್ಕ, ಇಂಗಾಲದ ಶುಲ್ಕ, ಬಾಯ್ಲರ್‌ನ ನಷ್ಟ ಎಲ್ಲವನ್ನೂ ಸೇರಿಸಿದರೆ ಹಬೆಯ ರೂಪದ ಒಂದು ಮೆಗಾವ್ಯಾಟ್-ಗಂಟೆ (1,000 ಯೂನಿಟ್) ಶಾಖಕ್ಕೆ 60 ಯೂರೋ ಬೀಳುತ್ತದೆ ಎಂದು ನಮ್ಮ ಲೆಕ್ಕಪತ್ರ ವಿಭಾಗ ಹೇಳುತ್ತದೆ.

ಇನ್ನೊಂದು ಕಡೆ, ಜರ್ಮನಿಯ ಮುಂದಿನ ದಿನದ ವಿದ್ಯುತ್ ಮಾರುಕಟ್ಟೆಯಲ್ಲಿ (ನಾಳೆಯ ವಿದ್ಯುತ್ತಿನ ದರ ಇಂದೇ ನಿಗದಿಯಾಗುವಲ್ಲಿ) ದರ ಸೊನ್ನೆಗಿಂತ ಕೆಳಗಿಳಿದ ಗಂಟೆಗಳು 2023ರಲ್ಲಿ 301, 2024ರಲ್ಲಿ 457, 2025ರಲ್ಲಿ 573. 2023ರ ಜುಲೈ 2ರಂದು ಮಧ್ಯಾಹ್ನ ಒಂದು ಗಂಟೆಯ ಮಟ್ಟಿಗೆ ದರ ಮೆಗಾವ್ಯಾಟ್-ಗಂಟೆಗೆ ಋಣ 500 ಯೂರೋ ತಲುಪಿದ್ದನ್ನು ನಾನೇ ಪರದೆಯ ಮೇಲೆ ನೋಡಿದ್ದೇನೆ. ವಿದ್ಯುತ್ ತೆಗೆದುಕೊಂಡವರಿಗೇ ಹಣ ಕೊಡುವ ಹೊತ್ತಿನಲ್ಲಿ ನಾವು ಕೈಕಟ್ಟಿ ಕುಳಿತು ಅನಿಲ ಸುಡುತ್ತಿರುವುದು ನನಗೆ ಸಹಿಸಲಾಗುತ್ತಿಲ್ಲ. 10 ಮೆಗಾವ್ಯಾಟ್ ಸಾಮರ್ಥ್ಯದ ಎಲೆಕ್ಟ್ರೋಡ್ ಬಾಯ್ಲರ್ (ನೀರಿನ ಮೂಲಕವೇ ವಿದ್ಯುತ್ ಹರಿಸಿ ಹಬೆ ಮಾಡುವಂಥದ್ದು) ಮತ್ತು ಇಟ್ಟಿಗೆಗಳಲ್ಲಿ ಶಾಖವನ್ನು ಹಿಡಿದಿಡುವ 50 ಮೆಗಾವ್ಯಾಟ್-ಗಂಟೆಯ ಇಟ್ಟಿಗೆ ಸಂಗ್ರಹವನ್ನು ಹಾಕಿ, ಅಗ್ಗದ ಹೊತ್ತಿನಲ್ಲಿ ಕಾಯಿಸಿಟ್ಟುಕೊಂಡು ಉಳಿದ ಹೊತ್ತಿನಲ್ಲಿ ಬಳಸಬೇಕೆಂಬ ಪ್ರಸ್ತಾವನೆಯನ್ನು ಆಡಳಿತದ ಮುಂದಿಡಲು ಯೋಚಿಸಿದ್ದೇನೆ. ಈ ವಿಷಯದಲ್ಲಿ ಕೆಲಸ ಮಾಡಿರುವವರು ದಯವಿಟ್ಟು ನನ್ನ ಲೆಕ್ಕದಲ್ಲಿ ತಪ್ಪೆಲ್ಲಿದೆ ಎಂದು ತಿಳಿಸಬೇಕು.

ಉತ್ತರ: ಮಾರುಕಟ್ಟೆ ನೋಟ

ನಾನು ಕೈಗಾರಿಕೆಗಳ ಪರವಾಗಿ ವಿದ್ಯುತ್ ಖರೀದಿಸುವ ಕೆಲಸದಲ್ಲಿದ್ದೇನೆ. ನಿಮ್ಮ ಉತ್ಸಾಹ ಸರಿಯಾದ ದಿಕ್ಕಿನಲ್ಲಿದೆ. ಆದರೆ ಪ್ರಸ್ತಾವನೆಯನ್ನು ಋಣ ದರದ ಗಂಟೆಗಳ ಮೇಲೆ ಕಟ್ಟಬೇಡಿ. ಕಟ್ಟಿದರೆ ಅದು ಮೊದಲ ಸಭೆಯಲ್ಲೇ ಬಿದ್ದುಹೋಗುತ್ತದೆ.

ಮೊದಲನೆಯದಾಗಿ ನಿಮ್ಮ ಖರೀದಿ ಒಪ್ಪಂದವನ್ನು ತೆರೆದು ನೋಡಿ. ವರ್ಷವಿಡೀ ಒಂದೇ ದರ ನಿಗದಿಯಾಗಿದ್ದರೆ ಮಾರುಕಟ್ಟೆಯಲ್ಲಿ ದರ ಎಷ್ಟೇ ಕೆಳಗಿಳಿದರೂ ಆ ಲಾಭ ಹೋಗುವುದು ನಿಮ್ಮ ಸರಬರಾಜುದಾರರಿಗೆ, ನಿಮಗಲ್ಲ. ಹೊಸ ಬಾಯ್ಲರ್‌ನ ಬಳಕೆಯ ಮಟ್ಟಿಗಾದರೂ ಮಾರುಕಟ್ಟೆ ದರವನ್ನೇ ಅನುಸರಿಸುವ ಒಪ್ಪಂದ ಬೇಕು. 2025ರ ಅಕ್ಟೋಬರ್ 1ರಿಂದ ಮುಂದಿನ ದಿನದ ಮಾರುಕಟ್ಟೆಯೇ ಕಾಲು ಗಂಟೆಯ ಲೆಕ್ಕಕ್ಕೆ ಬಂದಿರುವುದರಿಂದ, ಒಪ್ಪಂದವೂ ಕಾಲು ಗಂಟೆಯದಾಗಿರಲಿ.

ಎರಡನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಮಾರುಕಟ್ಟೆಯ ದರ ಋಣವಾಗಿದ್ದರೂ ನೀವು ತೆರುವ ದರ ಸಾಮಾನ್ಯವಾಗಿ ಋಣವಾಗಿರುವುದಿಲ್ಲ, ಏಕೆಂದರೆ ತಂತಿಯ ಬಳಕೆಯ ಶುಲ್ಕ, ಮೇಲ್ತೆರಿಗೆಗಳು ಮತ್ತು ವಿದ್ಯುತ್ ತೆರಿಗೆ ಪ್ರತಿ ಯೂನಿಟ್‌ನ ಮೇಲೂ ಇದ್ದೇ ಇರುತ್ತವೆ. ತಯಾರಿಕಾ ಉದ್ಯಮಕ್ಕೆ ವಿದ್ಯುತ್ ತೆರಿಗೆಯನ್ನು 2024ರಿಂದ ಮೆಗಾವ್ಯಾಟ್-ಗಂಟೆಗೆ 15.37 ಯೂರೋದಿಂದ ಅರ್ಧ ಯೂರೋಗೆ ಇಳಿಸಿರುವುದು ನಿಮಗೆ ದೊಡ್ಡ ಅನುಕೂಲ. ಆದರೂ ಲೆಕ್ಕಕ್ಕಾಗಿ ಉಳಿದದ್ದೆಲ್ಲ ಸೇರಿ ಮೆಗಾವ್ಯಾಟ್-ಗಂಟೆಗೆ 25 ಯೂರೋ ಎಂದಿಟ್ಟುಕೊಳ್ಳೋಣ. ಸಂಗ್ರಹದಲ್ಲಿ ನೂರಕ್ಕೆ ಐದರಷ್ಟು ಶಾಖ ನಷ್ಟವಾಗುತ್ತದೆಂದು ಹಿಡಿದರೆ, ಅನಿಲದ 60 ಯೂರೋಗೆ ಸಮವಾಗುವ ಮಾರುಕಟ್ಟೆ ದರ 32 ಯೂರೋ. ಹಾಗಾದರೆ ನಿಮಗೆ ಲಾಭ ತರುವುದು ಸೊನ್ನೆಗಿಂತ ಕೆಳಗಿನ ಗಂಟೆಗಳು ಮಾತ್ರವಲ್ಲ, 32 ಯೂರೋಗಿಂತ ಕೆಳಗಿನ ಪ್ರತಿಯೊಂದು ಗಂಟೆಯೂ. ದರ ಋಣ 10 ಇದ್ದಾಗ ಮೆಗಾವ್ಯಾಟ್-ಗಂಟೆಗೆ ಸುಮಾರು 44 ಯೂರೋ ಉಳಿಯುತ್ತದೆ, 20 ಇದ್ದಾಗ 12ರಿಂದ 13 ಯೂರೋ ಉಳಿಯುತ್ತದೆ. ಋಣ ದರ ಎಲ್ಲರ ಕಣ್ಣಿಗೆ ಬೀಳುತ್ತದೆ, ಆದರೆ ಯಂತ್ರದ ಸಾಲ ತೀರಿಸುವುದು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಸಾಮಾನ್ಯ ಮಧ್ಯಾಹ್ನಗಳು ಮತ್ತು ಗಾಳಿ ಬೀಸುವ ಚಳಿಗಾಲದ ರಾತ್ರಿಗಳು.

ಮೂರನೆಯದು ಗರಿಷ್ಠ ಬೇಡಿಕೆಯ ಶುಲ್ಕ. ವರ್ಷದಲ್ಲಿ ನಿಮ್ಮ ಮೀಟರ್ ದಾಖಲಿಸಿದ ಅತಿ ಹೆಚ್ಚಿನ ಕಾಲು ಗಂಟೆಯ ಬಳಕೆಯ ಮೇಲೆ ಕಿಲೋವ್ಯಾಟ್ ಲೆಕ್ಕದಲ್ಲಿ ಈ ಶುಲ್ಕ ಬೀಳುತ್ತದೆ. ಉದಾಹರಣೆಗೆ ಅದು ಕಿಲೋವ್ಯಾಟ್‌ಗೆ 80 ಯೂರೋ ಇದ್ದು, ನಿಮ್ಮ 10 ಮೆಗಾವ್ಯಾಟ್ ಬಾಯ್ಲರ್ ಒಂದೇ ಒಂದು ಕಾಲು ಗಂಟೆ ಪೂರ್ತಿ ಓಡಿದರೂ ವರ್ಷದ ಬಿಲ್ಲು 8 ಲಕ್ಷ ಯೂರೋ ಏರುತ್ತದೆ. ಋಣ ದರದ 500 ಗಂಟೆಗಳಲ್ಲೂ ಅದನ್ನು ಬಿಡದೆ ಓಡಿಸಿದರೂ ನಿಮಗೆ ಉಳಿಯುವುದು ಸುಮಾರು 2 ಲಕ್ಷ ಯೂರೋ. ನನ್ನ ಕಣ್ಣೆದುರಿಗೇ ಎರಡು ಒಳ್ಳೆಯ ಯೋಜನೆಗಳು ಬಿಲ್ಲಿನ ಈ ಒಂದು ಸಾಲಿನಿಂದಾಗಿ ನಿಂತುಹೋಗಿವೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಜರ್ಮನಿಯ ತಂತಿ ಶುಲ್ಕದ ನಿಯಮದ 19ನೆಯ ಕಲಮಿನಲ್ಲಿ, ವಿದ್ಯುತ್ ಜಾಲದ ಮೇಲೆ ಒತ್ತಡವಿರುವ ಹೊತ್ತನ್ನು ಬಿಟ್ಟು ಬೇರೆ ಹೊತ್ತಿನಲ್ಲಿ ಗರಿಷ್ಠ ಬಳಕೆ ಮಾಡುವವರಿಗೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ. ಆ ಒತ್ತಡದ ಹೊತ್ತು ಯಾವುದೆಂಬುದನ್ನು ನಿಮ್ಮ ಸ್ಥಳೀಯ ಜಾಲದ ಸಂಸ್ಥೆ ಪ್ರತಿ ವರ್ಷ ಪ್ರಕಟಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಸಾಮಾನ್ಯವಾಗಿ ಅದರ ಹೊರಗೇ ಇರುತ್ತದೆ. ಅದೇ ಕಲಮಿನಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ರಿಯಾಯಿತಿಯೂ ಇದೆ: ವರ್ಷಕ್ಕೆ 7,000 ಗಂಟೆಗೂ ಹೆಚ್ಚು ಕಾಲ ಏರಿಳಿತವಿಲ್ಲದೆ ವಿದ್ಯುತ್ ಬಳಸುವ ದೊಡ್ಡ ಕಾರ್ಖಾನೆಗಳಿಗೆ ಶುಲ್ಕ ಶೇಕಡಾ 80ರಿಂದ 90ರಷ್ಟು ಕಡಿಮೆ. ನಿಮಗೆ ಅದು ಅನ್ವಯಿಸುವುದಿಲ್ಲ, ಆದರೆ ಇದನ್ನು ಓದುತ್ತಿರುವ ಬೇರೆಯವರು ಗಮನಿಸಬೇಕು. ಅಗ್ಗದ ಹೊತ್ತಿನಲ್ಲಿ ಹೆಚ್ಚು ಬಳಸಿದರೆ ಆ ಸ್ಥಿರತೆ ಕೆಟ್ಟು ರಿಯಾಯಿತಿಯೇ ಕೈತಪ್ಪುತ್ತದೆ. ಕಲ್ಲಿದ್ದಲು ಮತ್ತು ಅಣುಸ್ಥಾವರಗಳ ಕಾಲಕ್ಕೆ ಹೊಂದುತ್ತಿದ್ದ ಈ ನಿಯಮವನ್ನು ಬದಲಿಸುವ ಪ್ರಕ್ರಿಯೆಯನ್ನು ನಿಯಂತ್ರಣ ಸಂಸ್ಥೆಯಾದ ಬುಂಡೆಸ್‌ನೆಟ್ಸ್‌ಅಗೆಂಟೂರ್ 2024ರಲ್ಲಿ ಆರಂಭಿಸಿತು. ಅದು ಇನ್ನಷ್ಟು ಬೇಗ ಆಗಬೇಕಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ: ಇಟ್ಟಿಗೆಗೂಡು

ದರದ ವಿಚಾರವನ್ನು ಹಿಂದಿನವರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾನು ಶಾಖದ ಕಡೆಯಿಂದ ಮಾತನಾಡುತ್ತೇನೆ.

ನಿಮ್ಮ ಯೋಜನೆಯಲ್ಲಿ ಒಂದು ಮೂಲಭೂತ ತೊಡಕಿದೆ. ಎಲೆಕ್ಟ್ರೋಡ್ ಬಾಯ್ಲರ್ ಕೊಡುವುದು ಹಬೆಯನ್ನು. 190 ಡಿಗ್ರಿಯ ಹಬೆಯಿಂದ ಇಟ್ಟಿಗೆಯನ್ನು ಕಾಯಿಸಿಟ್ಟು, ಅದೇ ಇಟ್ಟಿಗೆಯಿಂದ ಮತ್ತೆ 190 ಡಿಗ್ರಿಯ ಹಬೆ ಪಡೆಯುವುದು ಸಾಧ್ಯವಿಲ್ಲ. ಶಾಖ ಇಳಿಜಾರಿನಲ್ಲಿ ಮಾತ್ರ ಹರಿಯುತ್ತದೆ. ಇಟ್ಟಿಗೆ ಸಂಗ್ರಹದಲ್ಲಿ ವಿದ್ಯುತ್ ಸುರುಳಿಗಳು ಒಳಗೇ ಇರುತ್ತವೆ. ಅವು ಇಟ್ಟಿಗೆಯನ್ನು 1,000 ಡಿಗ್ರಿ ಅಥವಾ ಅದಕ್ಕೂ ಮೇಲಕ್ಕೆ ಕಾಯಿಸುತ್ತವೆ. ಹಬೆ ಬೇಕಾದಾಗ ಇಟ್ಟಿಗೆಗಳ ನಡುವೆ ಗಾಳಿ ಹಾಯಿಸಿ, ಆ ಬಿಸಿಗಾಳಿಯಿಂದ ಸಾಮಾನ್ಯ ಬಾಯ್ಲರ್‌ನಂಥದೇ ಕೊಳವೆಗಳಲ್ಲಿ ನೀರನ್ನು ಕುದಿಸಲಾಗುತ್ತದೆ. ಉಷ್ಣತೆಯ ಅಂತರ ದೊಡ್ಡದಿರುವುದರಿಂದಲೇ ಸಂಗ್ರಹ ಚಿಕ್ಕದಾಗುತ್ತದೆ: ಇಟ್ಟಿಗೆಯ ಉಷ್ಣತೆ 800 ಡಿಗ್ರಿಯಷ್ಟು ಏರಿಳಿದರೆ ಒಂದು ಟನ್ ಇಟ್ಟಿಗೆ ಸುಮಾರು 220 ಯೂನಿಟ್ ಶಾಖ ಹಿಡಿಯುತ್ತದೆ. 60ರಿಂದ 95 ಡಿಗ್ರಿವರೆಗೆ ಕಾಯಿಸಿದ ಒಂದು ಟನ್ ನೀರು ಹಿಡಿಯುವುದು ಸುಮಾರು 40 ಯೂನಿಟ್. ನಮ್ಮ ಬಚ್ಚಲುಮನೆಯ ತಾಮ್ರದ ಹಂಡೆ ಒಲೆಯ ಬೆಂಕಿ ಆರಿದ ಮೇಲೂ ಬಹಳ ಹೊತ್ತು ಬಿಸಿನೀರು ಕೊಡುತ್ತಿತ್ತಲ್ಲ, ತತ್ವ ಅದೇ. ಆದರೆ ಹಂಡೆಯಿಂದ ಸ್ನಾನಕ್ಕೆ ನೀರು ಸಿಗುತ್ತದೆಯೇ ಹೊರತು 12 ಬಾರ್ ಹಬೆಯಲ್ಲ.

ಈ ತಂತ್ರ ಹೊಸದೂ ಅಲ್ಲ. ಕಬ್ಬಿಣದ ಊದುಕುಲುಮೆಗಳ ಪಕ್ಕದಲ್ಲಿ ನಿಂತಿರುವ ಬಿಸಿಗಾಳಿ ಗೋಪುರಗಳು 19ನೆಯ ಶತಮಾನದಿಂದ ಇಟ್ಟಿಗೆಯಲ್ಲೇ ಶಾಖವನ್ನು ಹಿಡಿದಿಡುತ್ತಿವೆ. ಈಗ ಬದಲಾಗಿರುವುದು ಕಾಯಿಸುವ ಮೂಲ ಮಾತ್ರ. ಫಿನ್ಲೆಂಡಿನ ಪೋರ್ನಾಯ್ನೆನ್ ಊರಿನಲ್ಲಿ 2025ರಲ್ಲಿ ಚಾಲನೆಗೆ ಬಂದ ಸಂಗ್ರಹದಲ್ಲಿ ಸುಮಾರು 2,000 ಟನ್ ಪುಡಿಮಾಡಿದ ಬಳಪದ ಕಲ್ಲಿದೆ. ಅದು 100 ಮೆಗಾವ್ಯಾಟ್-ಗಂಟೆ ಹಿಡಿಯುತ್ತದೆ, ಆದರೆ ಅದು ಮನೆಗಳನ್ನು ಬೆಚ್ಚಗಿಡುವ ಶಾಖಜಾಲಕ್ಕಾಗಿ. ಹಂಗರಿಯಲ್ಲಿ ಮೆಕ್ಕೆಜೋಳ ಸಂಸ್ಕರಿಸುವ ಕಾರ್ಖಾನೆಯೊಂದು ಕರಗಿದ ಉಪ್ಪಿನ 56 ಮೆಗಾವ್ಯಾಟ್-ಗಂಟೆ ಸಂಗ್ರಹವನ್ನು ಆರಿಸಿಕೊಂಡಿದೆ. ನಿಮ್ಮ ಉತ್ತರ ಜರ್ಮನಿಯಲ್ಲೇ, ಬ್ರುನ್ಸ್‌ಬ್ಯುಟೆಲ್‌ನ ಕೊವೆಸ್ಟ್ರೋ ರಾಸಾಯನಿಕ ಕಾರ್ಖಾನೆಗೆ ರೊಂಡೋ ಕಂಪನಿಯ 100 ಮೆಗಾವ್ಯಾಟ್-ಗಂಟೆಯ ಇಟ್ಟಿಗೆ ಸಂಗ್ರಹದ ಯೋಜನೆ ಇದೆ. ಅಷ್ಟು ದೊಡ್ಡ ಸಂಗ್ರಹವೂ ಆ ಕಾರ್ಖಾನೆಯ ಹಬೆಯ ಸುಮಾರು ಹತ್ತನೆಯ ಒಂದು ಪಾಲನ್ನು ಮಾತ್ರ ಪೂರೈಸಲಿದೆ ಎಂಬುದರಿಂದ ಕೈಗಾರಿಕೆಯ ಶಾಖದ ಹಸಿವು ಎಷ್ಟೆಂದು ಅಂದಾಜಾಗುತ್ತದೆ.

ನಿಮ್ಮ ಬಳಕೆಗೆ ಬರೋಣ. ಒಂದು ಟನ್ ಹಬೆಗೆ ಸುಮಾರು 0.65 ಮೆಗಾವ್ಯಾಟ್-ಗಂಟೆಯಂತೆ ನಿಮ್ಮ ಸರಾಸರಿ ಬೇಡಿಕೆ 2.6 ಮೆಗಾವ್ಯಾಟ್. 50 ಮೆಗಾವ್ಯಾಟ್-ಗಂಟೆ ಎಂದರೆ 19 ಗಂಟೆಯ ಹಬೆ. ಇದು ದೊಡ್ಡ ಸಂಗ್ರಹ. ಇಂಥದ್ದು ಹಣ ತೀರಿಸಬೇಕಾದರೆ ವಾರಕ್ಕೊಮ್ಮೆಯಲ್ಲ, ಹೆಚ್ಚುಕಡಿಮೆ ದಿನಕ್ಕೊಮ್ಮೆ ತುಂಬಿ ಖಾಲಿಯಾಗಬೇಕು. (ನಡುವೆ ಒಂದು ಮಾತು: ಹಬೆ ತಣಿದು ಉರುಳೆಗಳಿಂದ ಮರಳಿ ಬರುವ ನೀರನ್ನು ಒತ್ತಡದಲ್ಲೇ ಬಾಯ್ಲರ್‌ಗೆ ತಿರುಗಿಸುತ್ತಿದ್ದೀರಾ, ಅಥವಾ ತೆರೆದ ತೊಟ್ಟಿಗೆ ಬಿಟ್ಟು ಆರಿಸುತ್ತಿದ್ದೀರಾ ಎಂದು ಪರೀಕ್ಷಿಸಿ. ಎರಡನೆಯದಾಗಿದ್ದರೆ ಅಲ್ಲಿಯ ಉಳಿತಾಯಕ್ಕೆ ಯಾವ ಸಂಗ್ರಹವೂ ಬೇಕಿಲ್ಲ.)

ಕಡಿಮೆ ಉಷ್ಣತೆಯ ಕಡೆಯಿಂದ ಶಾಖವನ್ನು ಎತ್ತಿ ಹೆಚ್ಚಿನ ಉಷ್ಣತೆಗೆ ಏರಿಸುವ ಶಾಖ ಪಂಪನ್ನು ಏಕೆ ಬಳಸಬಾರದು ಎಂದು ಆಡಳಿತದವರು ಖಂಡಿತ ಕೇಳುತ್ತಾರೆ. 80 ಡಿಗ್ರಿಯ ಬಿಸಿನೀರು ಬೇಕಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅದು ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಮೂರು ಯೂನಿಟ್ ಶಾಖ ಕೊಡುತ್ತದೆ. ಆದರೆ ಶಾಖ ಪಂಪು ದುಬಾರಿ ಯಂತ್ರ. ವರ್ಷದ ಬಹುಪಾಲು ಗಂಟೆ ಓಡಿದರೆ ಮಾತ್ರ ಅದರ ಹಣ ಹುಟ್ಟುತ್ತದೆ, ಕೆಲವು ನೂರು ಗಂಟೆಗಳಿಗಾಗಿ ಅದನ್ನು ತರಲಾಗದು. ಬರಿಯ ವಿದ್ಯುತ್ ಸುರುಳಿ ಇದಕ್ಕೆ ವಿರುದ್ಧ: ಒಂದಕ್ಕೆ ಒಂದನ್ನೇ ಕೊಟ್ಟರೂ ಅಗ್ಗ, ಖಾಲಿ ಕುಳಿತರೂ ನಷ್ಟ ಕಡಿಮೆ. ಅಲ್ಪಕಾಲ ಸಿಗುವ ಅಗ್ಗದ ವಿದ್ಯುತ್ತಿಗೆ ಅಗ್ಗದ ಯಂತ್ರವೇ ಜೋಡಿ.

ಉತ್ತರ: ತುಂಗಭದ್ರೆಯ ದಂಡೆ

ಚರ್ಚೆ ತುಂಬ ಉಪಯುಕ್ತವಾಗಿದೆ. ನಾನು ದಾವಣಗೆರೆ ಸಮೀಪದ ಬಟ್ಟೆ ಸಂಸ್ಕರಣ ಘಟಕವೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತೇನೆ. ಕರ್ನಾಟಕದಲ್ಲೂ ಮಧ್ಯಾಹ್ನದ ಸೌರ ವಿದ್ಯುತ್ ಹೇರಳವಾಗಿದೆ, ಪಾವಗಡದ ಸೌರ ಪಾರ್ಕ್ ಒಂದೇ 2,050 ಮೆಗಾವ್ಯಾಟ್. ನಮ್ಮಲ್ಲೂ ಇಂಥ ಅವಕಾಶ ಇದೆಯೇ?

ಉತ್ತರ: ಮಾರುಕಟ್ಟೆ ನೋಟ

ಭಾರತದ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ದರ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ; ಮೇಲಿನ ಮಿತಿ ಯೂನಿಟ್‌ಗೆ 10 ರೂಪಾಯಿ. ಹಗಲು ಹೊತ್ತಿನಲ್ಲಿ ದರ ಬಹಳ ಕೆಳಗೆ ಹೋಗುವುದುಂಟು. ಆದರೆ ಅಲ್ಲಿಂದ ನೇರವಾಗಿ ಕೊಳ್ಳುವ ಕಾರ್ಖಾನೆ ಸಾಗಣೆ ಶುಲ್ಕ ಮತ್ತು ಅಡ್ಡ ಸಬ್ಸಿಡಿಯ ಮೇಲ್ತೆರಿಗೆಯನ್ನು (ಬೇರೆ ಗ್ರಾಹಕರ ರಿಯಾಯಿತಿ ದರದ ಹೊರೆಗೆ ಕೈಗಾರಿಕೆ ಕೊಡುವ ಪಾಲನ್ನು) ಕೊಡಬೇಕಾಗುತ್ತದೆ. ಕೇಂದ್ರ ಸರ್ಕಾರದ 2023ರ ನಿಯಮದ ಪ್ರಕಾರ ಕೈಗಾರಿಕೆಗಳಿಗೆ ಸೌರ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇಕಡಾ 20ರಷ್ಟು ಕಡಿಮೆ ಇರಬೇಕು. ನಿಮ್ಮಲ್ಲಿ ಬ್ರಿಕೆಟ್ (ಕೃಷಿ ತ್ಯಾಜ್ಯವನ್ನು ಒತ್ತಿ ಮಾಡಿದ ಇಂಧನದ ಉಂಡೆ) ಸುಡುತ್ತಿದ್ದರೆ ಅದರ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿ: ಕಿಲೋಗೆ 7 ರೂಪಾಯಿಯ ಬ್ರಿಕೆಟ್‌ನಿಂದ ಸುಮಾರು 3.5 ಯೂನಿಟ್ ಹಬೆ ಸಿಕ್ಕರೆ ಯೂನಿಟ್‌ಗೆ 2 ರೂಪಾಯಿ ಆಯಿತು. ಆ ದರಕ್ಕೆ ಗ್ರಿಡ್‌ನ ವಿದ್ಯುತ್ ಇಳಿಯುವವರೆಗೆ ಕಾಯುವುದೇ ಒಳ್ಳೆಯದು. ಡೀಸೆಲ್ ಅಥವಾ ಎಲ್‌ಪಿಜಿ ಸುಡುತ್ತಿದ್ದರೆ, ಅಥವಾ ನಿಮ್ಮದೇ ಚಾವಣಿಯ ಸೌರ ಫಲಕಗಳ ವಿದ್ಯುತ್ ಮಿಗುತ್ತಿದ್ದರೆ ಲೆಕ್ಕ ಬೇರೆಯಾಗುತ್ತದೆ.

ಹಬೆಗಾರ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಎಲೆಕ್ಟ್ರೋಡ್ ಬಾಯ್ಲರ್ ಮತ್ತು ಇಟ್ಟಿಗೆಯನ್ನು ಜೋಡಿಸುವ ಯೋಚನೆ ತಪ್ಪೆಂದು ಈಗ ಸ್ಪಷ್ಟವಾಯಿತು. ಮರಳುವ ನೀರು ನಮ್ಮಲ್ಲಿ ತೆರೆದ ತೊಟ್ಟಿಗೇ ಹೋಗುತ್ತಿದೆ, ಅದನ್ನು ಸರಿಪಡಿಸುವ ಅಂದಾಜು ಪಟ್ಟಿಯನ್ನು ಕೇಳಿದ್ದೇನೆ.

ನಿಮ್ಮ ಉತ್ತರಗಳನ್ನು ಓದಿದ ಮೇಲೆ ಸ್ಥಳೀಯ ಜಾಲದ ಸಂಸ್ಥೆಯೊಂದಿಗೆ ಮಾತನಾಡಿದೆ. ಈಗಿರುವ ಸಂಪರ್ಕದಲ್ಲಿ ಹೆಚ್ಚೆಂದರೆ ಇನ್ನು 3 ಮೆಗಾವ್ಯಾಟ್ ಕೊಡಬಹುದಂತೆ. 10 ಮೆಗಾವ್ಯಾಟ್ ಬೇಕೆಂದರೆ ಹೊಸ ಕೇಬಲ್ ಎಳೆಯಬೇಕು, ಅದಕ್ಕೆ ವರ್ಷಗಟ್ಟಲೆ ಕಾಯಬೇಕು. ನಮ್ಮ ಈಗಿನ ಗರಿಷ್ಠ ಬೇಡಿಕೆ 2.2 ಮೆಗಾವ್ಯಾಟ್. ಇಷ್ಟರಲ್ಲಿ ಏನಾದರೂ ಮಾಡಲು ಸಾಧ್ಯವೇ, ಅಥವಾ ಯೋಜನೆಯನ್ನೇ ಕೈಬಿಡಬೇಕೇ? ಇನ್ನೊಂದು ಆತಂಕವೂ ಇದೆ: ಎಲ್ಲರೂ ಬ್ಯಾಟರಿ ಮತ್ತು ಸಂಗ್ರಹ ಹಾಕತೊಡಗಿದರೆ ಈ ಋಣ ದರಗಳೇ ಮಾಯವಾಗುವುದಿಲ್ಲವೇ?

ಉತ್ತರ: ಮಾರುಕಟ್ಟೆ ನೋಟ

ನಿಮ್ಮ ಆತಂಕ ನ್ಯಾಯವಾದದ್ದೇ. 2025ರ ಫೆಬ್ರವರಿ 25ರ ನಂತರ ಸ್ಥಾಪನೆಯಾಗುವ ಸೌರ ಘಟಕಗಳಿಗೆ ದರ ಋಣವಾದ ಹೊತ್ತಿನಲ್ಲಿ ಬೆಂಬಲ ಧನ ಸಿಗುವುದಿಲ್ಲವಾದ್ದರಿಂದ, ಆ ಹೊತ್ತಿನಲ್ಲಿ ಉತ್ಪಾದನೆ ತಗ್ಗಿಸಲು ಅವುಗಳಿಗೆ ಈಗ ಕಾರಣವಿದೆ. ಹಳೆಯ ಚಾವಣಿ ಘಟಕಗಳಿಗೆ ಆ ಕಾರಣವಿಲ್ಲ, ಅವು ದರ ಏನೇ ಇದ್ದರೂ ಉತ್ಪಾದಿಸುತ್ತಲೇ ಇರುತ್ತವೆ. ಋಣ 100, ಋಣ 200ರಂಥ ಆಳವಾದ ದರಗಳು ವಿರಳವಾಗಬಹುದು. ಆದರೆ ಮಧ್ಯಾಹ್ನದ ದರ 32 ಯೂರೋಗಿಂತ ಮೇಲೇರಬೇಕಾದರೆ ಬಹಳ ದೊಡ್ಡ ಬದಲಾವಣೆ ಬೇಕು, ನಿಮ್ಮ ಲೆಕ್ಕ ನಿಂತಿರಬೇಕಾದದ್ದು ಅದರ ಮೇಲೆ. ಅನಿಲದ ಬಾಯ್ಲರನ್ನಂತೂ ಯಾವ ಕಾರಣಕ್ಕೂ ಕೀಳಿಸಬೇಡಿ. 2024ರ ಡಿಸೆಂಬರ್ 12ರಂದು ಗಾಳಿಯೂ ಬಿಸಿಲೂ ಇಲ್ಲದ ಸಂಜೆ ದರ 936 ಯೂರೋ ಮುಟ್ಟಿತ್ತು. ಅಂಥ ವಾರಗಳಲ್ಲಿ ನಿಮ್ಮನ್ನು ಕಾಯುವುದು ಅನಿಲವೇ.

ಈಗ ನಿಮ್ಮ 2.2 ಮೆಗಾವ್ಯಾಟ್ ವಿಷಯ. ಭಾನುವಾರ ನಿಮ್ಮ ಯಂತ್ರಗಳು ನಿಂತಿರುತ್ತವೆ ಎಂದಿರಿ. ದರ ಋಣಕ್ಕಿಳಿಯುವ ಗಂಟೆಗಳಲ್ಲಿ ದೊಡ್ಡ ಪಾಲು ಬರುವುದೂ ಭಾನುವಾರ ಮತ್ತು ಹಬ್ಬದ ದಿನಗಳ ಮಧ್ಯಾಹ್ನಗಳಲ್ಲೇ. ನೀವು ಹೇಳಿದ 2023ರ ಜುಲೈ 2 ಸಹ ಭಾನುವಾರವೇ. ಗರಿಷ್ಠ ಬೇಡಿಕೆಯ ಶುಲ್ಕವನ್ನು ವಾರದ ದಿನಗಳ 2.2 ಮೆಗಾವ್ಯಾಟ್‌ಗೆ ನೀವು ಈಗಾಗಲೇ ತೆರುತ್ತಿದ್ದೀರಿ. ಭಾನುವಾರ ಆ ಜಾಗ ಖಾಲಿ ಬಿದ್ದಿರುತ್ತದೆ. ದೀಪ ಮತ್ತು ಪಂಪುಗಳಿಗೆ 0.2 ಬಿಟ್ಟರೂ 2 ಮೆಗಾವ್ಯಾಟ್‌ನಂತೆ ಎಂಟು ಗಂಟೆ ಸಂಗ್ರಹ ತುಂಬಿಸಿದರೆ ಗರಿಷ್ಠ ಬೇಡಿಕೆ ಒಂದು ಕಿಲೋವ್ಯಾಟ್ ಕೂಡ ಏರುವುದಿಲ್ಲ.

ಉತ್ತರ: ಇಟ್ಟಿಗೆಗೂಡು

ಇದು ನನಗೂ ಹೊಳೆದಿರಲಿಲ್ಲ, ಒಳ್ಳೆಯ ಸೂಚನೆ. ಎಂಟು ಗಂಟೆಯಲ್ಲಿ 16 ಮೆಗಾವ್ಯಾಟ್-ಗಂಟೆ ಎಂದರೆ ಭಾನುವಾರ ರಾತ್ರಿ ಯಂತ್ರ ಆರಂಭವಾದ ಮೇಲೆ ಆರು ಗಂಟೆಯ ಹಬೆ. ಅದಕ್ಕೆ ಸುಮಾರು 72 ಟನ್ ಇಟ್ಟಿಗೆ ಸಾಕು. ಕೆಲವು ಗಂಟೆಗಳ ಕಾಯುವಿಕೆಯಲ್ಲಿ ಒಳ್ಳೆಯ ಹೊದಿಕೆಯಿರುವ ಸಂಗ್ರಹದಿಂದ ಸೋರುವ ಶಾಖ ಅಲ್ಪ.

ಆದರೆ ವಾರಕ್ಕೊಮ್ಮೆ ತುಂಬುವ ಸಂಗ್ರಹದ ಹಣ ಹುಟ್ಟುವುದಿಲ್ಲವೆಂದು ನಾನೇ ಮೇಲೆ ಬರೆದಿದ್ದೇನೆ, ಆ ಮಾತು ಈಗಲೂ ನಿಲ್ಲುತ್ತದೆ. ಆದ್ದರಿಂದ ಕ್ರಮವನ್ನು ಬದಲಿಸಿ. ನಿಮ್ಮ ಹಬೆಯ ಬೇಡಿಕೆ 2.6 ಮೆಗಾವ್ಯಾಟ್, ಸಿಗುವ ಸಂಪರ್ಕ 3. ವಾರದ ದಿನಗಳಲ್ಲಿ ದರ ಅಗ್ಗವಾದಾಗ ಸಂಗ್ರಹವೇ ಇಲ್ಲದೆ, 3 ಮೆಗಾವ್ಯಾಟ್‌ನ ಎಲೆಕ್ಟ್ರೋಡ್ ಬಾಯ್ಲರ್ ನೇರವಾಗಿ ಉರುಳೆಗಳಿಗೆ ಹಬೆ ಕೊಡಬಲ್ಲದು, ಅಷ್ಟು ಹೊತ್ತು ಅನಿಲದ ಬಾಯ್ಲರ್ ಬೆಚ್ಚಗೆ ಕಾದಿರಲಿ. ಇದರಿಂದ ಗರಿಷ್ಠ ಬೇಡಿಕೆ ಏರುವುದು ನಿಜ, ಹಾಗಾಗಿ ಹಿಂದಿನವರು ಹೇಳಿದ 19ನೆಯ ಕಲಮಿನ ರಿಯಾಯಿತಿ ನಿಮಗೆ ಸಿಗುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆದುಕೊಂಡ ಮೇಲೆಯೇ ಬಾಯ್ಲರ್‌ಗೆ ಆದೇಶ ಕೊಡಿ. ಎರಡು ವರ್ಷ ಅದನ್ನು ಓಡಿಸಿ, ಕಾಲು ಗಂಟೆಯ ದಾಖಲೆಗಳನ್ನು ಇಟ್ಟುಕೊಳ್ಳಿ. ಅಗ್ಗದ ವಿದ್ಯುತ್ ಇದ್ದೂ ಹಬೆಗೆ ಬೇಡಿಕೆಯಿಲ್ಲದೆ ಕೈತಪ್ಪಿದ ಗಂಟೆಗಳು ಎಷ್ಟು ಎಂದು ಆ ದಾಖಲೆಯೇ ತೋರಿಸುತ್ತದೆ, ಸಂಗ್ರಹದ ಗಾತ್ರವನ್ನು ಆಗ ನಿರ್ಧರಿಸಿ. ಬಾಯ್ಲರ್ ಮನೆಯ ಪಕ್ಕದಲ್ಲಿ ನೂರು ಟನ್ ಭಾರ ಹೊರುವ ಕಾಂಕ್ರೀಟ್ ಅಡಿಪಾಯಕ್ಕೆ ಜಾಗವನ್ನೂ, ವಿದ್ಯುತ್ ಫಲಕದಲ್ಲಿ ಒಂದು ಖಾಲಿ ವಿಭಾಗವನ್ನೂ ಈಗಲೇ ಕಾಯ್ದಿರಿಸಿ.